94 ಪ್ರಬಂಧಗಳ ಪಟ್ಟಿ: ಲೈಂಗಿಕ ಸೋಂಕುಗಳ ಸಂಶೋಧಕರ ಪ್ರಕಟಣೆಗಳನ್ನು ಓದುವುದು ಹೇಗೆ?

ಮುಂಬಯಿಯ ಉಪನಗರವೊಂದರ ಕನ್ನಡ ಸಂಘದವರು ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ಆರೋಗ್ಯ ಉಪನ್ಯಾಸವನ್ನು ಏರ್ಪಡಿಸಿದ್ದರು. ವಿಷಯ, ಗರ್ಭಕೊರಳಿನ ಕ್ಯಾನ್ಸರ್ ತಡೆಯಲು ಹೆಣ್ಣುಮಕ್ಕಳಿಗೆ ಹಾಕಿಸುವ ಎಚ್‌ಪಿವಿ ಲಸಿಕೆ. ಆಮಂತ್ರಣದ ಜೊತೆಗೆ ಸಂಘದ ವಾಟ್ಸಾಪ್ ಗುಂಪಿಗೆ ಉಪನ್ಯಾಸಕಿಯ ಪರಿಚಯಪತ್ರವೂ ಬಂದಿತ್ತು. ಅದರಲ್ಲಿ ‘ಲೈಂಗಿಕವಾಗಿ ಹರಡುವ ಸೋಂಕುಗಳ ಸೂಕ್ಷ್ಮಜೀವಿಶಾಸ್ತ್ರದಲ್ಲಿ 94 ಪ್ರಬಂಧಗಳು, ಎಚ್-ಇಂಡೆಕ್ಸ್ 23’ ಎಂಬ ಸಾಲು, ಅದರ ಕೆಳಗೆ ಒಂಬತ್ತು ಪುಟಗಳ ಪಟ್ಟಿ. ಪಟ್ಟಿಯನ್ನು ತೆರೆದು ನೋಡಿದವರಿಗೆ ಕಂಡದ್ದು ಸಾಲುಸಾಲು ಹೆಸರುಗಳು, ಇಸವಿಗಳು, ಅರ್ಧವಿರಾಮದ ನಡುವೆ ಸಿಕ್ಕಿಕೊಂಡ ಅಂಕಿಗಳು. ತೊಂಬತ್ತನಾಲ್ಕು ಎಂದರೆ ಹೆಚ್ಚೋ ಕಡಿಮೆಯೋ ಎಂದು ಒಬ್ಬರು ಕೇಳಿದರು. ಇಂಥ ರೋಗಗಳ ಮೇಲೆ ಇಷ್ಟೊಂದು ಬರೆಯುವುದಕ್ಕೆ ಏನಿದೆ ಎಂದು ಇನ್ನೊಬ್ಬರು ಕೇಳಿದರು. ಹದಿಮೂರು ವರ್ಷದ ಮಗಳಿರುವ ತಾಯಿಯೊಬ್ಬರು ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ: ‘ಇವರ ಮಾತು ನಂಬಿ ಮಗಳಿಗೆ ಚುಚ್ಚುಮದ್ದು ಹಾಕಿಸಬಹುದೇ ಎನ್ನುವುದು ಈ ಪಟ್ಟಿ ನೋಡಿದರೆ ಗೊತ್ತಾಗುತ್ತದೆಯೇ?’

ಪರೇಲಿನ ಕಡೆಯ ಪ್ರಯೋಗಾಲಯವೊಂದರಲ್ಲಿ ಹಲವು ವರ್ಷ ತಂತ್ರಜ್ಞನಾಗಿ ದುಡಿದು ನಿವೃತ್ತನಾದವನು ನಾನು. ಆ ತಾಯಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ, ಮೊದಲಿನಿಂದ ಬರೆದಿದ್ದೇನೆ.

ಯಾವ ಸೋಂಕುಗಳ ಮಾತು ಇದು?

ಲೈಂಗಿಕ ಸಂಪರ್ಕದ ಮೂಲಕ ಒಬ್ಬರಿಂದ ಮತ್ತೊಬ್ಬರಿಗೆ ದಾಟುವ ಕಾಯಿಲೆಗಳನ್ನು ನಮ್ಮಲ್ಲಿ ಗುಪ್ತರೋಗ, ಗುಹ್ಯರೋಗ ಎಂದು ಕರೆಯುವುದು ರೂಢಿ. ವೈದ್ಯಶಾಸ್ತ್ರದಲ್ಲಿ ಈಗ ‘ರೋಗ’ ಎನ್ನುವುದಕ್ಕಿಂತ ‘ಸೋಂಕು’ ಎನ್ನುವ ಮಾತನ್ನು ಹೆಚ್ಚಾಗಿ ಬಳಸುತ್ತಾರೆ. ಅದಕ್ಕೆ ಕಾರಣವಿದೆ. ಸೋಂಕು ಎಂದರೆ ರೋಗಾಣು ದೇಹವನ್ನು ಹೊಕ್ಕು ಬೆಳೆಯುತ್ತಿರುವುದು, ರೋಗ ಎಂದರೆ ಅದರಿಂದ ನೋವು, ಹುಣ್ಣು, ಸ್ರಾವ ಮುಂತಾದ ತೊಂದರೆಗಳು ಕಾಣಿಸಿಕೊಳ್ಳುವುದು. ಈ ಗುಂಪಿನ ಅನೇಕ ಸೋಂಕುಗಳು, ಅದರಲ್ಲೂ ಹೆಂಗಸರಲ್ಲಿ, ಯಾವ ಲಕ್ಷಣವನ್ನೂ ತೋರಿಸದೆ ತಿಂಗಳುಗಟ್ಟಲೆ ಒಳಗೇ ಉಳಿಯಬಲ್ಲವು.

ರೋಗಾಣುಗಳಲ್ಲಿಯೂ ಬೇರೆ ಬೇರೆ ಜಾತಿಗಳಿವೆ. ಗೊನೋರಿಯಾ, ಕ್ಲಮೈಡಿಯಾ, ಸಿಫಿಲಿಸ್ ಬರುವುದು ಬ್ಯಾಕ್ಟೀರಿಯಾಗಳಿಂದ. ಟ್ರೈಕೊಮೊನಿಯಾಸಿಸ್ ಬರುವುದು ಬ್ಯಾಕ್ಟೀರಿಯಾಕ್ಕಿಂತ ದೊಡ್ಡದಾದ, ಬಾಲದಂಥ ಎಳೆಗಳಿಂದ ಈಜುವ ಏಕಕೋಶ ಜೀವಿಯಿಂದ. ಎಚ್‌ಐವಿ, ಹರ್ಪಿಸ್, ಹೆಪಟೈಟಿಸ್ ಬಿ ಮತ್ತು ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್‌ಗಳು. ಬ್ಯಾಕ್ಟೀರಿಯಾದ ಸೋಂಕನ್ನು ಸರಿಯಾದ ಆಂಟಿಬಯೋಟಿಕ್ ಕೊಟ್ಟು ಪೂರ್ತಿ ಗುಣಪಡಿಸಬಹುದು, ವೈರಸ್‌ಗಳಿಗೆ ಆ ಔಷಧಗಳು ನಾಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ, ಗುಣಪಡಿಸಬಹುದಾದ ನಾಲ್ಕು ಸೋಂಕುಗಳಿಂದಲೇ ಜಗತ್ತಿನಲ್ಲಿ ಸುಮಾರು 37.4 ಕೋಟಿ ಹೊಸ ಪ್ರಕರಣಗಳಾದವು. ಅವುಗಳಲ್ಲಿ ಟ್ರೈಕೊಮೊನಿಯಾಸಿಸ್ 15.6 ಕೋಟಿ, ಕ್ಲಮೈಡಿಯಾ 12.9 ಕೋಟಿ, ಗೊನೋರಿಯಾ 8.2 ಕೋಟಿ, ಸಿಫಿಲಿಸ್ 71 ಲಕ್ಷ. ಬರೆಯುವುದಕ್ಕೆ ಏನಿದೆ ಎಂದು ಕೇಳಿದವರಿಗೆ ಈ ಅಂಕಿಗಳೇ ಅರ್ಧ ಉತ್ತರ.

ನಮ್ಮ ಪಶ್ಚಿಮ ಕರಾವಳಿಗೆ ಈ ಚರಿತ್ರೆಯಲ್ಲಿ ಒಂದು ಜಾಗವಿದೆ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅದೇ ಶತಮಾನದ ಆಯುರ್ವೇದ ಗ್ರಂಥವಾದ ಭಾವಪ್ರಕಾಶದಲ್ಲಿ ‘ಫಿರಂಗರೋಗ’ ಎಂಬ ಹೊಸ ಕಾಯಿಲೆಯ ವರ್ಣನೆ ಬರುತ್ತದೆ. ಫಿರಂಗಿಗಳ, ಅಂದರೆ ಪರಂಗಿಯವರ ಸಂಪರ್ಕದಿಂದ ಬರುವುದು ಎಂಬ ಅರ್ಥದಲ್ಲಿ ಸಿಫಿಲಿಸಿಗೆ ಇಟ್ಟ ಹೆಸರು ಅದು. ಕನ್ನಡದ ‘ಪರಂಗಿ ಹುಣ್ಣು’ ಕೂಡ ಇದೇ ಕುಲದ ಮಾತು. ಆ ಹುಣ್ಣಿನ ರೋಗಾಣು ಸೂಕ್ಷ್ಮದರ್ಶಕದಲ್ಲಿ ಮನುಷ್ಯರ ಕಣ್ಣಿಗೆ ಬೀಳಲು 1905ರವರೆಗೆ ಕಾಯಬೇಕಾಯಿತು. ಶೌಡಿನ್ ಮತ್ತು ಹಾಫ್‌ಮನ್ ಎಂಬ ಜರ್ಮನ್ ವಿಜ್ಞಾನಿಗಳು ಅದನ್ನು ಕಂಡರು. ಅದೇ ವರ್ಷ ಮದರಾಸಿನಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಡೊನೊವಾನ್ ಮತ್ತೊಂದು ಬಗೆಯ ಜನನಾಂಗದ ಹುಣ್ಣಿನಲ್ಲಿ ರೋಗಾಣುವನ್ನು ಗುರುತಿಸಿದರು. ಆ ಕಾಯಿಲೆಗೆ ಇಂದಿಗೂ ಡೊನೊವಾನೋಸಿಸ್ ಎಂದೇ ಹೆಸರು.

ಮೇಣದಬತ್ತಿಯ ಜಾಡಿ

ಪ್ರಬಂಧವೆಂದರೆ ಕೊಠಡಿಯಲ್ಲಿ ಕುಳಿತು ಬರೆಯುವ ಬರಹ ಎಂಬ ಭಾವನೆ ಸಾಮಾನ್ಯ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಬರಹ ಕೊನೆಯ ಹಂತ. ಅದಕ್ಕೆ ಮುಂಚೆ ಏನೇನು ನಡೆಯುತ್ತದೆ ಎಂಬುದನ್ನು ಗೊನೋರಿಯಾದ ಒಂದು ಮಾದರಿಯನ್ನು ಹಿಡಿದು ನೋಡೋಣ.

ಕ್ಲಿನಿಕ್ಕಿಗೆ ಬಂದ ವ್ಯಕ್ತಿಯ ಸ್ರಾವವನ್ನು ಒಂದು ಸಣ್ಣ ಕಡ್ಡಿಯಲ್ಲಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಸ್ವಲ್ಪವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಳಿ ರಕ್ತಕಣಗಳ ಒಳಗೆ ಜೋಡಿಜೋಡಿಯಾಗಿ ಕುಳಿತ ಗುಲಾಬಿ ಕಣಗಳು ಕಾಣುತ್ತವೆ. ಎರಡು ಕಾಫಿ ಬೀಜಗಳನ್ನು ಚಪ್ಪಟೆ ಭಾಗ ಎದುರುಬದುರಾಗುವಂತೆ ಇಟ್ಟರೆ ಹೇಗಿರುತ್ತದೆಯೋ ಹಾಗೆ. 1879ರಲ್ಲಿ ಆಲ್ಬರ್ಟ್ ನೈಸರ್ ಕಂಡದ್ದು ಇದನ್ನೇ. ಉಳಿದ ಮಾದರಿಯನ್ನು ಬೆಳೆಸಲು ಹಾಕುವುದು ಚಾಕೊಲೇಟ್ ಅಗರ್ ಎಂಬ ತಟ್ಟೆಯಲ್ಲಿ. ಹೆಸರು ಹಾಗಿದ್ದರೂ ಅದರಲ್ಲಿ ಚಾಕೊಲೇಟ್ ಇಲ್ಲ. ಕಾಯಿಸಿದ ರಕ್ತ ಕಂದು ಬಣ್ಣಕ್ಕೆ ತಿರುಗಿರುವುದರಿಂದ ಆ ಹೆಸರು ಬಂದಿದೆ.

ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವವರಿಗೆ ಮುಂದಿನ ಮಾತು ಬೇಗ ತಿಳಿಯುತ್ತದೆ. ಹಾಲು ತೀರಾ ಬಿಸಿಯಿದ್ದರೂ ತಣ್ಣಗಿದ್ದರೂ ಮೊಸರಾಗುವುದಿಲ್ಲ. ಗೊನೋರಿಯಾದ ರೋಗಾಣು ಮೊಸರಿನ ಬ್ಯಾಕ್ಟೀರಿಯಾಕ್ಕಿಂತ ಬಹಳ ನಾಜೂಕಿನದು. ಅದಕ್ಕೆ ನಮ್ಮ ಮೈಯಷ್ಟೇ ಕಾವು ಬೇಕು, ತೇವ ಬೇಕು, ಸಾಮಾನ್ಯ ಗಾಳಿಯಲ್ಲಿರುವುದಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬೇಕು. ದುಬಾರಿ ಯಂತ್ರವಿಲ್ಲದ ಕಡೆ ಇದಕ್ಕೆ ಹಳೆಯ ಉಪಾಯವೊಂದಿದೆ. ಅಗಲ ಬಾಯಿಯ ಜಾಡಿಯ ತಳದಲ್ಲಿ ಒದ್ದೆ ಹತ್ತಿಯನ್ನಿಟ್ಟು, ತಟ್ಟೆಗಳನ್ನು ಜೋಡಿಸಿ, ಮೇಲೊಂದು ಮೇಣದಬತ್ತಿ ಹಚ್ಚಿ ಮುಚ್ಚಳವನ್ನು ಬಿಗಿಯಾಗಿ ಮುಚ್ಚುವುದು. ಬತ್ತಿ ತನ್ನಷ್ಟಕ್ಕೆ ಆರುವ ಹೊತ್ತಿಗೆ ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 3ರ ಆಸುಪಾಸಿಗೆ ಏರಿರುತ್ತದೆ. ಬಣ್ಣದ ಅಥವಾ ಪರಿಮಳದ ಬತ್ತಿಯನ್ನು ಬಳಸುವಂತಿಲ್ಲ, ಅದರ ಹೊಗೆ ರೋಗಾಣುವಿಗೆ ವಿಷವಾಗಬಹುದು. ಬಿಳಿಯ ಸಾದಾ ಬತ್ತಿಯೇ ಆಗಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಕಲಿಸಿದ ಪಾಠಗಳಲ್ಲಿ ಇದೂ ಒಂದು.

ಮರುದಿನವೋ ಅದರ ಮರುದಿನವೋ ತಟ್ಟೆಯಲ್ಲಿ ಸಾಸಿವೆಗಿಂತ ಚಿಕ್ಕದಾದ, ಬೂದು ಬಣ್ಣದ, ಹೊಳೆಯುವ ಚುಕ್ಕೆಗಳು ಕಂಡರೆ ಕೆಲಸದ ಎರಡನೆಯ ಭಾಗ ಶುರುವಾಗುತ್ತದೆ. ಯಾವ ಔಷಧ ಇದನ್ನು ಕೊಲ್ಲುತ್ತದೆ, ಎಷ್ಟು ಪ್ರಮಾಣದಲ್ಲಿ ಕೊಲ್ಲುತ್ತದೆ ಎಂಬುದರ ಪರೀಕ್ಷೆ. ಔಷಧ ಸೇರಿಸಿದ ಕಾಗದದ ಬಿಲ್ಲೆಯನ್ನು ತಟ್ಟೆಯ ಮೇಲಿಟ್ಟರೆ, ಔಷಧ ನಾಟುವಂತಿದ್ದಲ್ಲಿ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿ ವೃತ್ತ ಉಳಿಯುತ್ತದೆ. ಬಿಲ್ಲೆಯ ಅಂಚಿನವರೆಗೂ ಚುಕ್ಕೆಗಳು ಬೆಳೆದಿದ್ದರೆ ಆ ಔಷಧ ಸೋತಿದೆ ಎಂದು ಅರ್ಥ. ಇಂಥ ನೂರಾರು ತಟ್ಟೆಗಳ ವೃತ್ತಗಳನ್ನು ಅಳತೆಪಟ್ಟಿಯಲ್ಲಿ ಅಳೆದು ಬರೆದಿಟ್ಟ ವಹಿಯೇ ಮುಂದೆ ಪಟ್ಟಿಯಲ್ಲಿ ಒಂದು ಸಾಲಾಗುತ್ತದೆ.

ಎಲ್ಲ ರೋಗಾಣುಗಳೂ ಹೀಗೆ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಕ್ಲಮೈಡಿಯಾ ಬದುಕಿರುವುದೇ ಬೇರೊಂದು ಜೀವಕೋಶದ ಒಳಗೆ. ಸಿಫಿಲಿಸಿನ ರೋಗಾಣುವನ್ನು ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸುವ ವಿಧಾನ ಪ್ರಕಟವಾದದ್ದು 2018ರಲ್ಲಿ, ಅದೂ ಮೊಲದ ಜೀವಕೋಶಗಳ ಆಸರೆಯಲ್ಲಿ. ರೋಗಾಣುವನ್ನು ಕಂಡು 113 ವರ್ಷಗಳಾದ ಮೇಲೆ! ಆದ್ದರಿಂದ ಸಿಫಿಲಿಸಿನ ಮೇಲೆ ಕೆಲಸ ಮಾಡುವವರ ಪಟ್ಟಿ ಚಿಕ್ಕದಿದ್ದರೆ ಅವರು ಸೋಮಾರಿಗಳೆಂದು ತಿಳಿಯಬಾರದು.

ವಹಿಯಿಂದ ಅಚ್ಚಿನವರೆಗೆ

ಸಂಶೋಧನೆಯ ಫಲಿತಾಂಶವನ್ನು ಬರೆದು ಒಂದು ಸಂಶೋಧನ ಪತ್ರಿಕೆಗೆ, ಅಂದರೆ ಜರ್ನಲ್ಲಿಗೆ ಕಳುಹಿಸುತ್ತಾರೆ. ಸಂಪಾದಕರು ಅದನ್ನು ಅದೇ ವಿಷಯದಲ್ಲಿ ಕೆಲಸ ಮಾಡುವ ಬೇರೆ ಊರಿನ, ಬೇರೆ ದೇಶದ ಇಬ್ಬರು ಮೂವರಿಗೆ ಓದಲು ಕೊಡುತ್ತಾರೆ. ಮಾದರಿಗಳು ಸಾಕಷ್ಟಿವೆಯೇ, ಲೆಕ್ಕ ಸರಿಯಾಗಿದೆಯೇ, ತೀರ್ಮಾನವು ಅಂಕಿಗಳಿಗಿಂತ ಮುಂದಕ್ಕೆ ಹಾರಿದೆಯೇ ಎಂದು ಅವರು ತಪಾಸಣೆ ಮಾಡುತ್ತಾರೆ. ಇದಕ್ಕೆ ಸಹತಜ್ಞರ ಪರಿಶೀಲನೆ ಎನ್ನಬಹುದು. ಮದುವೆ ಮಾತುಕತೆಗೆ ಮುಂಚೆ ಆ ಊರಿನಲ್ಲಿರುವ ಪರಿಚಿತರ ಮೂಲಕ ವಿಚಾರಿಸಿಕೊಳ್ಳುವ ರೂಢಿಯನ್ನು ಇದಕ್ಕೆ ಹೋಲಿಸಬಹುದು. ವಿಚಾರಿಸಿದ ಮಾತ್ರಕ್ಕೆ ಎಲ್ಲವೂ ಸರಿಯಿರುತ್ತದೆಂದು ಹೇಳಲಾಗದು, ಆದರೆ ವಿಚಾರಿಸದೆ ಮುಂದುವರಿಯುವುದು ಯಾರಿಗೂ ಒಪ್ಪಿಗೆಯಲ್ಲ. ಬರೆದವರು ತಿದ್ದಿ ಮತ್ತೆ ಕಳುಹಿಸುತ್ತಾರೆ, ಎಷ್ಟೋ ಸಲ ಪ್ರಬಂಧ ತಿರಸ್ಕೃತವಾಗಿ ಬೇರೆ ಪತ್ರಿಕೆಯ ದಾರಿ ಹಿಡಿಯುತ್ತದೆ. ತಟ್ಟೆಯಿಂದ ಅಚ್ಚಿಗೆ ಬರುವಷ್ಟರಲ್ಲಿ ಎರಡು ಮೂರು ವರ್ಷ ಕಳೆದುಹೋಗುವುದು ಅಪರೂಪವಲ್ಲ.

ಈ ವಿಷಯಕ್ಕೆಂದೇ ಇರುವ ಪತ್ರಿಕೆಗಳಿವೆ. ಬ್ರಿಟನ್ನಿನ ‘ಸೆಕ್ಷುಯಲಿ ಟ್ರಾನ್ಸ್‌ಮಿಟೆಡ್ ಇನ್‌ಫೆಕ್ಷನ್ಸ್’ 1925ರಲ್ಲಿ ಬೇರೆ ಹೆಸರಿನಿಂದ ಶುರುವಾದದ್ದು. ನಮ್ಮ ದೇಶದ ‘ಇಂಡಿಯನ್ ಜರ್ನಲ್ ಆಫ್ ಸೆಕ್ಷುಯಲಿ ಟ್ರಾನ್ಸ್‌ಮಿಟೆಡ್ ಡಿಸೀಸಸ್ ಆಂಡ್ ಏಡ್ಸ್’ ಇದೇ ಕ್ಷೇತ್ರದ್ದು. ಎಲ್ಲ ವೈದ್ಯಕೀಯ ವಿಷಯಗಳನ್ನೂ ಒಳಗೊಳ್ಳುವ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ 1913ರಿಂದ ನಡೆದು ಬಂದಿದೆ.

ಪ್ರಕಟವಾದವುಗಳಲ್ಲೂ ಬಗೆಗಳಿವೆ. ಹೊಸದಾಗಿ ಮಾಡಿದ ಅಧ್ಯಯನದ ವರದಿಯನ್ನು ಮೂಲ ಸಂಶೋಧನೆ ಎನ್ನುತ್ತಾರೆ. ಇತರರು ಮಾಡಿದ್ದನ್ನು ಒಟ್ಟುಗೂಡಿಸಿ ತೂಗುವುದು ಸಮೀಕ್ಷಾ ಪ್ರಬಂಧ. ಒಬ್ಬರೋ ಇಬ್ಬರೋ ರೋಗಿಗಳ ವಿಶೇಷ ಸಂಗತಿಯನ್ನು ಹೇಳುವುದು ಪ್ರಕರಣ ವರದಿ. ಸಂಪಾದಕರಿಗೆ ಬರೆದ ಅರ್ಧ ಪುಟದ ಪತ್ರವೂ ಪಟ್ಟಿಯಲ್ಲಿ ಒಂದು ಸಾಲೇ. ಹಾಗಾಗಿ 94 ಎಂಬ ಅಂಕಿಯೊಳಗೆ ಐದು ವರ್ಷದ ದುಡಿಮೆಯೂ ಇರಬಹುದು, ಒಂದು ಸಂಜೆಯ ಬರಹವೂ ಇರಬಹುದು. ಚಿಕ್ಕದನ್ನು ಕಡೆಗಣಿಸುವಂತೆಯೂ ಇಲ್ಲ. ಜಪಾನಿನ ಕ್ಯೋಟೋದಲ್ಲಿ 2009ರಲ್ಲಿ ಒಬ್ಬ ಮಹಿಳೆಯ ಗಂಟಲಿನಿಂದ ತೆಗೆದ ಒಂದೇ ಮಾದರಿಯಲ್ಲಿ, ಗೊನೋರಿಯಾಕ್ಕೆ ಕೊನೆಯ ಆಸರೆಯೆಂದು ನಂಬಿದ್ದ ಸೆಫ್‌ಟ್ರಯಾಕ್ಸೋನ್ ಚುಚ್ಚುಮದ್ದಿಗೂ ಬಗ್ಗದ ತಳಿ ಸಿಕ್ಕಿತು. 2011ರಲ್ಲಿ ಅದರ ವರದಿ ಬಂದಾಗ ಈ ಕ್ಷೇತ್ರದವರೆಲ್ಲರೂ ಎಚ್ಚೆತ್ತು ಕುಳಿತರು.

ಒಂದು ಸಾಲನ್ನು ಬಿಡಿಸಿ ನೋಡಿದರೆ

ಪಟ್ಟಿಯ ಸಾಲಿನಲ್ಲಿ ಮೊದಲು ಬರುವುದು ಲೇಖಕರ ಹೆಸರುಗಳು. ಒಂದೊಂದು ಪ್ರಬಂಧಕ್ಕೆ ಎಂಟೋ ಹತ್ತೋ ಹೆಸರುಗಳಿರುವುದನ್ನು ಕಂಡು, ಇಷ್ಟು ಜನ ಸೇರಿ ನಾಲ್ಕು ಪುಟ ಬರೆದರೇ ಎಂದು ಕೇಳುವವರಿದ್ದಾರೆ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಬೆಳಗ್ಗೆ ನಿಮ್ಮ ಮೇಜಿಗೆ ಬರುವ ಒಂದು ದೋಸೆಯನ್ನು ನೆನೆಯಿರಿ. ಕಾವಲಿಯ ಮುಂದೆ ನಿಂತು ಹೊಯ್ದವರು ಒಬ್ಬರು, ಹಿಂದಿನ ದಿನ ಅಕ್ಕಿ ಉದ್ದು ನೆನೆಸಿ ರುಬ್ಬಿದವರು ಬೇರೆ, ಚಟ್ನಿಗೆ ಕಾಯಿ ತುರಿದವರು ಬೇರೆ, ಹೋಟೆಲು ಕಟ್ಟಿ ಹೆಸರು ಉಳಿಸಿಕೊಂಡ ಮಾಲೀಕರು ಬೇರೆ. ವೈದ್ಯಕೀಯ ಸಂಶೋಧನೆಯಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕಾವಲಿಯ ಮುಂದೆ ನಿಂತವರದು, ಅಂದರೆ ಕೆಲಸದ ಬಹುಭಾಗವನ್ನು ಮಾಡಿ ಬರೆದವರದು. ಕೊನೆಯ ಹೆಸರು ಪ್ರಯೋಗಾಲಯವನ್ನು ಅಥವಾ ಯೋಜನೆಯನ್ನು ನಡೆಸುವ ಹಿರಿಯರದು. ನಡುವಿನವರು ಮಾದರಿ ಸಂಗ್ರಹ, ಪರೀಕ್ಷೆ, ಲೆಕ್ಕಾಚಾರ ಇತ್ಯಾದಿ ಭಾಗಗಳನ್ನು ನಿರ್ವಹಿಸಿದವರು.

ಇದರಿಂದ ಒಬ್ಬ ಸಂಶೋಧಕಿಯ ಬದುಕಿನ ನಡೆಯನ್ನೇ ಗುರುತಿಸಬಹುದು. ಮೊದಲ ಹತ್ತು ವರ್ಷ ಅವರ ಹೆಸರು ಮೊದಲಿನಲ್ಲಿದ್ದು, ಕ್ರಮೇಣ ಕೊನೆಗೆ ಸರಿದಿದ್ದರೆ, ಅವರೀಗ ಶಿಷ್ಯರನ್ನು ಮುಂದೆ ನಿಲ್ಲಿಸಿ ಕೆಲಸ ಮಾಡಿಸುತ್ತಿದ್ದಾರೆ ಎಂದು ತಿಳಿಯಬಹುದು. ಎಲ್ಲ ಸಾಲುಗಳಲ್ಲೂ ನಡುವಿನಲ್ಲೇ ಇದ್ದರೆ ಅವರು ಹಲವು ತಂಡಗಳಿಗೆ ಒಂದು ನಿರ್ದಿಷ್ಟ ನೈಪುಣ್ಯವನ್ನು ಒದಗಿಸುವವರಾಗಿರಬಹುದು, ಹೆಸರು ಮಾತ್ರ ಸೇರಿಸಿಕೊಂಡದ್ದೂ ಇರಬಹುದು. ಎರಡನ್ನೂ ಪಟ್ಟಿಯೊಂದರಿಂದಲೇ ಬೇರ್ಪಡಿಸಲಾಗದು. ಈಚಿನ ಪತ್ರಿಕೆಗಳು ಪ್ರಬಂಧದ ಕೊನೆಯಲ್ಲಿ ಯಾರು ಏನು ಮಾಡಿದರು ಎಂದು ಅಚ್ಚು ಹಾಕುವುದು ಈ ಕಾರಣಕ್ಕೇ.

ಹೆಸರುಗಳ ನಂತರ ಶೀರ್ಷಿಕೆ, ಪತ್ರಿಕೆಯ ಹೆಸರು, ಇಸವಿ, ಸಂಪುಟ, ಪುಟಸಂಖ್ಯೆ. ಕೊನೆಯಲ್ಲಿರುವ ಡಿಒಐ ಎಂಬ ಉದ್ದನೆಯ ಅಂಕಿ ಪ್ರಬಂಧದ ಆಧಾರ್ ಸಂಖ್ಯೆಯಿದ್ದಂತೆ, ಪತ್ರಿಕೆ ತನ್ನ ವಿಳಾಸ ಬದಲಿಸಿದರೂ ಅದು ಬದಲಾಗುವುದಿಲ್ಲ. ಸಂಶೋಧಕರಿಗೂ ಇಂಥದೇ ಒಂದು ಅಂಕಿಯಿದ್ದು ಅದಕ್ಕೆ ಆರ್ಕಿಡ್ ಎನ್ನುತ್ತಾರೆ. ಒಂದೇ ಹೆಸರಿನ ಇಬ್ಬರು ಪಾಟೀಲರು, ಮೂವರು ಶೆಟ್ಟರು ಇರುವ ನಮ್ಮ ಕಡೆ ಇದರ ಉಪಯೋಗ ದೊಡ್ಡದು.

ಎಚ್-ಇಂಡೆಕ್ಸ್ 23 ಎಂದರೇನು?

ಒಂದು ಪ್ರಬಂಧವನ್ನು ಇನ್ನೊಂದು ಪ್ರಬಂಧ ಆಧಾರವಾಗಿ ಹೆಸರಿಸುವುದಕ್ಕೆ ಉಲ್ಲೇಖ ಎನ್ನುತ್ತಾರೆ. ಎಷ್ಟು ಉಲ್ಲೇಖ ಬಂದಿದೆ ಎಂಬುದನ್ನು ನೋಡಿ ಆ ಕೆಲಸ ಎಷ್ಟು ಜನರಿಗೆ ಬೇಕಾಯಿತು ಎಂದು ಅಂದಾಜಿಸುವುದು ವಾಡಿಕೆ. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಪ್ರಬಂಧಗಳ ಸಂಖ್ಯೆ ಮತ್ತು ಉಲ್ಲೇಖಗಳೆರಡನ್ನೂ ಹೆಣೆದು ಒಂದೇ ಅಂಕಿಯನ್ನು ಸೂಚಿಸಿದರು. ಅದೇ ಎಚ್-ಇಂಡೆಕ್ಸ್. ಶಿವಾಜಿ ಪಾರ್ಕಿನಲ್ಲಿ ಆಡುವ ಹುಡುಗನೊಬ್ಬ ಕನಿಷ್ಠ 23 ಪಂದ್ಯಗಳಲ್ಲಿ ತಲಾ 23 ಅಥವಾ ಅದಕ್ಕಿಂತ ಹೆಚ್ಚು ರನ್ ಹೊಡೆದಿದ್ದರೆ ಅವನ ಅಂಕಿ 23 ಎಂದಿಟ್ಟುಕೊಳ್ಳಿ. ಒಂದು ಪಂದ್ಯದಲ್ಲಿ ಮುನ್ನೂರು ಹೊಡೆದರೂ ಅಂಕಿ ಏರುವುದಿಲ್ಲ, ಇನ್ನೂರು ಪಂದ್ಯಗಳಲ್ಲಿ ಐದೈದು ಹೊಡೆದರೂ ಏರುವುದಿಲ್ಲ. ಹಾಗೆಯೇ ನಮ್ಮ ಉಪನ್ಯಾಸಕಿಯ 94 ಪ್ರಬಂಧಗಳಲ್ಲಿ 23 ಪ್ರಬಂಧಗಳಿಗೆ ತಲಾ 23 ಅಥವಾ ಹೆಚ್ಚು ಉಲ್ಲೇಖಗಳಿವೆ.

ಈ ಅಂಕಿಯನ್ನು ಬೇರೆ ಕ್ಷೇತ್ರದವರ ಅಂಕಿಯೊಂದಿಗೆ ಹೋಲಿಸುವುದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಯಾನ್ಸರ್ ಸಂಶೋಧನೆಯಲ್ಲಿ ಬರೆಯುವವರು ಬಹಳ, ಆದ್ದರಿಂದ ಉಲ್ಲೇಖಿಸುವವರೂ ಬಹಳ. ಲೈಂಗಿಕ ಸೋಂಕುಗಳ ಸೂಕ್ಷ್ಮಜೀವಿಶಾಸ್ತ್ರ ಚಿಕ್ಕ ಓಣಿ. ವಯಸ್ಸಿನ ಲೆಕ್ಕವೂ ಇದೆ, ಏಕೆಂದರೆ ಈ ಅಂಕಿ ಏರಬಹುದೇ ಹೊರತು ಇಳಿಯುವುದಿಲ್ಲ. ತನ್ನ ಹಳೆಯ ಪ್ರಬಂಧಗಳನ್ನು ತಾನೇ ಉಲ್ಲೇಖಿಸಿಕೊಂಡು ಅದನ್ನು ಸ್ವಲ್ಪ ಏರಿಸಿಕೊಳ್ಳುವವರೂ ಇದ್ದಾರೆ. ಪತ್ರಿಕೆಗಳಿಗಿರುವ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಇನ್ನೊಂದು ಅಂಕಿ. ಹಿಂದಿನ ಎರಡು ವರ್ಷಗಳಲ್ಲಿ ಆ ಪತ್ರಿಕೆಯಲ್ಲಿ ಬಂದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂತು ಎಂಬ ಲೆಕ್ಕ ಅದು. ಅದು ಪತ್ರಿಕೆಯ ಸರಾಸರಿ. ತರಗತಿಯ ಸರಾಸರಿ ಅಂಕ ನೋಡಿ ನಿಮ್ಮ ಮಗುವಿನ ಅಂಕವನ್ನು ಹೇಳಲಾಗುವುದಿಲ್ಲವಲ್ಲ.

ಮಹಾರಾಷ್ಟ್ರದಿಂದ ಹೊರಟ ಮೂರು ಪ್ರಬಂಧಗಳು

ಸಂಖ್ಯೆಯನ್ನು ಬದಿಗಿಟ್ಟು ಪ್ರಬಂಧದ ಒಳಗಿನ ಪ್ರಶ್ನೆಯನ್ನು ನೋಡಿದರೆ ಏನು ಕಾಣುತ್ತದೆ ಎಂಬುದಕ್ಕೆ ನಾವಿರುವ ರಾಜ್ಯದ್ದೇ ಮೂರು ಉದಾಹರಣೆಗಳಿವೆ.

ಮೊದಲನೆಯದು 1989ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದದ್ದು. ಡಾ. ರಾಣಿ ಬಂಗ್ ಮತ್ತು ಅವರ ಸಂಗಡಿಗರು ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿದರು. ಅವರಲ್ಲಿ ಶೇಕಡಾ 92ರಷ್ಟು ಮಂದಿಗೆ ಸೋಂಕೂ ಸೇರಿದಂತೆ ಒಂದಲ್ಲ ಒಂದು ಸ್ತ್ರೀರೋಗವಿತ್ತು, ಅದಕ್ಕೆ ಮುಂಚೆ ಅಂಥ ತಪಾಸಣೆ ಮಾಡಿಸಿಕೊಂಡಿದ್ದವರು ಶೇಕಡಾ 8 ಮಾತ್ರ. ಅಲ್ಲಿಯವರೆಗೆ ಹೆಂಗಸರ ಆರೋಗ್ಯವೆಂದರೆ ಹೆರಿಗೆ ಮತ್ತು ಕುಟುಂಬ ಯೋಜನೆ ಎಂದಷ್ಟೇ ತಿಳಿದಿದ್ದವರಿಗೆ ಈ ಪ್ರಬಂಧ ದೊಡ್ಡ ಆಘಾತ ಕೊಟ್ಟಿತು. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದ್ದರೆ ಆ ಶೇಕಡಾ 92 ಎಂದಿಗೂ ಕಾಣುತ್ತಿರಲಿಲ್ಲ. ಹಳ್ಳಿಗೆ ಹೋಗಿ ಎಲ್ಲರನ್ನೂ ನೋಡಬೇಕು ಎಂದು ನಿರ್ಧರಿಸಿದ್ದರಲ್ಲಿಯೇ ಆ ಪ್ರಬಂಧದ ಬಲವಿದೆ.

ಎರಡನೆಯದು ಪುಣೆಯದು. ಅಲ್ಲಿಯ ಭೋಸರಿಯಲ್ಲಿ 1992ರಲ್ಲಿ ರಾಷ್ಟ್ರೀಯ ಏಡ್ಸ್ ಸಂಶೋಧನ ಸಂಸ್ಥೆ ಸ್ಥಾಪನೆಯಾಯಿತು. ಆ ಸಂಸ್ಥೆಯವರು ಅಮೆರಿಕದ ವಿಜ್ಞಾನಿಗಳೊಂದಿಗೆ ಸೇರಿ ಪುಣೆಯ ಲೈಂಗಿಕ ರೋಗಗಳ ಕ್ಲಿನಿಕ್ಕುಗಳಿಗೆ ಬರುವವರನ್ನು ಅಧ್ಯಯನ ಮಾಡಿ, 1997ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲ ಹೆಸರು ಆರ್.ಆರ್. ಗಂಗಾಖೇಡ್ಕರ್, ಕೊನೆಯ ಹೆಸರು ಟಿ.ಸಿ. ಕ್ವಿನ್. ಲೈಂಗಿಕ ವೃತ್ತಿಯಲ್ಲಿಲ್ಲದೆಯೂ ಆ ಕ್ಲಿನಿಕ್ಕುಗಳಿಗೆ ಬಂದ ಹೆಂಗಸರಲ್ಲಿ ಶೇಕಡಾ 13.6ರಷ್ಟು ಮಂದಿಗೆ ಎಚ್‌ಐವಿ ತಗುಲಿತ್ತು. ಅವರಲ್ಲಿ ಬಹುತೇಕರು ಜೀವಮಾನದಲ್ಲಿ ಗಂಡನನ್ನು ಬಿಟ್ಟು ಬೇರೆ ಸಂಪರ್ಕವೇ ಇಲ್ಲದವರು. ‘ಅಪಾಯದಲ್ಲಿರುವ ಗುಂಪು’ ಎಂಬ ಮಾತಿನಿಂದ ಹೊರಗುಳಿದಿದ್ದ ಗೃಹಿಣಿಯರನ್ನು ಈ ಪ್ರಬಂಧ ಲೆಕ್ಕದೊಳಕ್ಕೆ ತಂದಿತು. ಇಂಥ ಸಾಲನ್ನು ಓದುವಾಗ ಒಂದು ಎಚ್ಚರವೂ ಬೇಕು. ಆ ಶೇಕಡಾವಾರು ಕ್ಲಿನಿಕ್ಕಿಗೆ ತೊಂದರೆ ಹೇಳಿಕೊಂಡು ಬಂದವರದು, ಪುಣೆಯ ಎಲ್ಲ ಹೆಂಗಸರದಲ್ಲ. ಯಾರನ್ನು ಎಣಿಸಿದ್ದಾರೆ ಎಂಬುದನ್ನು ನೋಡದೆ ಅಂಕಿಯನ್ನು ಮಾತ್ರ ಎತ್ತಿಕೊಂಡರೆ ಅರ್ಥ ಕೆಡುತ್ತದೆ.

ಮೂರನೆಯದು ಎಚ್‌ಪಿವಿಗೆ ಸಂಬಂಧಿಸಿದ್ದು, ಹಾಗಾಗಿ ಆ ತಾಯಿಯ ಪ್ರಶ್ನೆಗೆ ಹತ್ತಿರದ್ದು. ಹಿಂದೆ ಉಸ್ಮಾನಾಬಾದ್ ಎನ್ನುತ್ತಿದ್ದ ಈಗಿನ ಧಾರಾಶಿವ ಜಿಲ್ಲೆಯಲ್ಲಿ 30ರಿಂದ 59 ವರ್ಷದ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ಜೀವನದಲ್ಲಿ ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆ ಮಾಡಿ, ಸುಮಾರು ಎಂಟು ವರ್ಷ ಹಿಂಬಾಲಿಸಿದರು. ಪರೀಕ್ಷೆಯಾದ ಗುಂಪಿನಲ್ಲಿ ಬಲಿತ ಗರ್ಭಕೊರಳಿನ ಕ್ಯಾನ್ಸರ್ ಮತ್ತು ಅದರಿಂದಾದ ಸಾವುಗಳು, ಏನೂ ಪರೀಕ್ಷೆಯಿಲ್ಲದ ಗುಂಪಿಗಿಂತ ಸರಿಸುಮಾರು ಅರ್ಧಕ್ಕೆ ಇಳಿದಿದ್ದವು. 2009ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಇದು ಪ್ರಕಟವಾಯಿತು. ಅಷ್ಟು ಹೆಂಗಸರಿಗೆ ಪರೀಕ್ಷೆಯನ್ನೇ ಕೊಡದೆ ಹೋಲಿಕೆಗೆ ಇಟ್ಟುಕೊಂಡದ್ದು ಸರಿಯೇ ಎಂಬ ನೈತಿಕ ಪ್ರಶ್ನೆಯನ್ನು ಹಲವರು ಆಮೇಲೆ ಎತ್ತಿದರು. ಆ ಪ್ರಶ್ನೆ ನನಗೂ ಭಾರವಾಗಿಯೇ ಕಾಣುತ್ತದೆ. ಪಟ್ಟಿಯ ಸಾಲಿನಲ್ಲಿ ಅದರ ಸುಳಿವು ಸಿಗುವುದಿಲ್ಲ.

ಬೂದು ಬಣ್ಣದ ಪೊಟ್ಟಣ

ಪ್ರಬಂಧಗಳು ರೋಗಿಯನ್ನು ಮುಟ್ಟುವುದು ಹೇಗೆ ಎಂಬುದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಸೋಂಕುಗಳಿಗೆಂದು ಇರುವ ಸುರಕ್ಷಾ ಕ್ಲಿನಿಕ್ಕುಗಳನ್ನು ನೋಡಬಹುದು. ಅಲ್ಲಿ ಲಕ್ಷಣಕ್ಕೆ ತಕ್ಕಂತೆ ಬಣ್ಣದ ಪೊಟ್ಟಣಗಳಲ್ಲಿ ಔಷಧ ಕೊಡುವ ಪದ್ಧತಿಯಿದೆ. ಮೂತ್ರನಾಳದ ಸ್ರಾವಕ್ಕೆ ಬೂದು, ಯೋನಿಯ ಉರಿಯೂತಕ್ಕೆ ಹಸಿರು, ಹುಣ್ಣಿಗೆ ಬಿಳಿ, ಹರ್ಪಿಸ್ ಹುಣ್ಣಿಗೆ ಕೆಂಪು, ಕೆಳಹೊಟ್ಟೆಯ ನೋವಿಗೆ ಹಳದಿ. ಬೂದು ಪೊಟ್ಟಣದಲ್ಲಿರುವುದು 1 ಗ್ರಾಂ ಅಜಿತ್ರೊಮೈಸಿನ್ ಮತ್ತು 400 ಮಿಲಿಗ್ರಾಂ ಸೆಫಿಕ್ಸಿಮ್, ಕ್ಲಮೈಡಿಯಾ ಮತ್ತು ಗೊನೋರಿಯಾ ಎರಡನ್ನೂ ಹೊಡೆಯುವುದಕ್ಕೆ.

ಯಾವ ಮಾತ್ರೆ ಆ ಪೊಟ್ಟಣದಲ್ಲಿರಬೇಕು ಎಂಬ ತೀರ್ಮಾನದ ಹಿಂದೆ ಮೇಣದಬತ್ತಿಯ ಜಾಡಿಯಿಂದ ಹೊರಟ ಪ್ರಬಂಧಗಳಿವೆ. ಗೊನೋರಿಯಾದ ರೋಗಾಣು 1930ರ ದಶಕದ ಸಲ್ಫಾ ಔಷಧಗಳನ್ನು ಹತ್ತಾರು ವರ್ಷದೊಳಗೇ ಸೋಲಿಸಿತು. ನಂತರ ಬಂದ ಪೆನಿಸಿಲಿನ್ನನ್ನು ಒಡೆದುಹಾಕುವ ಕಿಣ್ವವನ್ನು ಪಡೆದ ತಳಿಗಳು 1976ರಲ್ಲಿ ಕಾಣಿಸಿಕೊಂಡವು. ಒಂದು ಕಾಲಕ್ಕೆ ಇಲ್ಲಿಯೂ ಧಾರಾಳವಾಗಿ ಕೊಡುತ್ತಿದ್ದ ಸಿಪ್ರೊಫ್ಲಾಕ್ಸಸಿನ್ ಕೂಡ ಕೈಕೊಟ್ಟಿತು. ಯಾವುದೇ ಔಷಧಕ್ಕೆ ಬಗ್ಗದ ತಳಿಗಳು ಶೇಕಡಾ 5ನ್ನು ದಾಟಿದರೆ ಆ ಔಷಧವನ್ನು ಬದಲಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟುಕೊಂಡ ಗಡಿ. ಆ ಶೇಕಡಾ 5ನ್ನು ದಾಟಿದೆಯೇ ಎಂದು ತಿಳಿಯಬೇಕಾದರೆ ಯಾರಾದರೂ ವರ್ಷ ವರ್ಷವೂ ಒಂದೇ ರೀತಿಯಲ್ಲಿ ತಟ್ಟೆಗಳನ್ನು ಅಳೆಯುತ್ತಲೇ ಇರಬೇಕು. ಇಂಥ ಪ್ರಬಂಧಗಳ ಶೀರ್ಷಿಕೆಗಳು ಒಂದರಂತೆ ಇನ್ನೊಂದಿರುತ್ತವೆ, ಊರು ಮತ್ತು ಇಸವಿ ಮಾತ್ರ ಬೇರೆ. ಹೊರಗಿನವರಿಗೆ ಇದು ಒಂದನ್ನೇ ಮತ್ತೆ ಮತ್ತೆ ಬರೆದಂತೆ ಕಾಣುತ್ತದೆ. ಮಳೆಮಾಪಕವನ್ನು ದಿನವೂ ನೋಡಿ ಬರೆದಿಟ್ಟವರ ವಹಿಯೂ ಹಾಗೆಯೇ ಕಾಣುತ್ತದೆ.

ಪಟ್ಟಿಯಲ್ಲಿ ಕಾಣದಿರುವುದು

ಹಣ ಕೊಟ್ಟರೆ ಪರಿಶೀಲನೆಯೇ ಇಲ್ಲದೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ನಮ್ಮ ದೇಶದಲ್ಲಿ ಅಣಬೆಗಳಂತೆ ಎದ್ದವು. ವಿಶ್ವವಿದ್ಯಾಲಯ ಅನುದಾನ ಆಯೋಗ ಒಪ್ಪಿದ್ದ ಪತ್ರಿಕೆಗಳ ಪಟ್ಟಿಯನ್ನೇ ಪುಣೆಯ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಪರಿಶೀಲಿಸಿ, 2018ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಸೇರಿದ್ದ, ಬೇರೆ ಯಾವ ಮಾನ್ಯ ಸೂಚಿಯಲ್ಲೂ ಇಲ್ಲದ ಪತ್ರಿಕೆಗಳಲ್ಲಿ ಶೇಕಡಾ 88ಕ್ಕಿಂತ ಹೆಚ್ಚಿನವು ಕಳಪೆ ಗುಣಮಟ್ಟದವಾಗಿರಬಹುದು ಎಂಬುದು ಅವರು ಕಂಡದ್ದು. ಆದ್ದರಿಂದ ಪತ್ರಿಕೆಯ ಹೆಸರನ್ನು ‘ಪಬ್‌ಮೆಡ್’ನಂಥ ಸಾರ್ವಜನಿಕ ಸೂಚಿಯಲ್ಲಿ ಹುಡುಕಿ ನೋಡುವುದು ಒಳ್ಳೆಯದು. ಅದು ಉಚಿತ, ಮೊಬೈಲಿನಲ್ಲೇ ತೆರೆಯುತ್ತದೆ. ಅಲ್ಲಿ ಪ್ರಬಂಧದ ಸಾರಾಂಶವೂ ಸಿಗುತ್ತದೆ, ಪ್ರಬಂಧವನ್ನು ಪತ್ರಿಕೆ ಹಿಂತೆಗೆದುಕೊಂಡಿದ್ದರೆ ಆ ಸೂಚನೆಯೂ ಇರುತ್ತದೆ.

ಇನ್ನೊಂದು ಕಾಣದ ಸಂಗತಿ, ಮಾದರಿ ಕೊಟ್ಟವರು. ಈ ಕಾಯಿಲೆಗಳ ವಿಷಯದಲ್ಲಿ ಹೆಸರು ಹೊರಬಿದ್ದರೆ ಮನೆ, ಕೆಲಸ, ಸಂಬಂಧ ಎಲ್ಲವೂ ಹೋಗಬಹುದು. ಅದಕ್ಕಾಗಿ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ, ವ್ಯಕ್ತಿಯ ತಿಳಿವಳಿಕೆಯ ಒಪ್ಪಿಗೆ, ಹೆಸರಿನ ಬದಲು ಅಂಕಿ ಎಂಬ ಕಟ್ಟುಪಾಡುಗಳಿವೆ. ನಮ್ಮ ಪ್ರಯೋಗಾಲಯಕ್ಕೆ ಬರುತ್ತಿದ್ದ ಸೀಸೆಗಳ ಮೇಲೆ ಇರುತ್ತಿದ್ದದ್ದು ನಾಲ್ಕಂಕಿಯ ಸಂಖ್ಯೆ ಮಾತ್ರ. ಅಷ್ಟು ವರ್ಷಗಳಲ್ಲಿ ಒಬ್ಬರ ಮುಖವನ್ನೂ ನಾನು ನೋಡಲಿಲ್ಲ. ಆದರೂ ಆ 94 ಸಾಲುಗಳಲ್ಲಿ ಅವರಿಲ್ಲದೆ ಒಂದೂ ಇರುತ್ತಿರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.

ಆ ತಾಯಿ ಪಟ್ಟಿಯನ್ನು ಓದಿದ್ದು

ಫೋನಿನಲ್ಲಿ ಇಷ್ಟೆಲ್ಲ ಮಾತಾದ ಮೇಲೆ ಆ ತಾಯಿ ಒಂಬತ್ತು ಪುಟಗಳನ್ನು ಮುದ್ರಿಸಿಕೊಂಡು, ಶೀರ್ಷಿಕೆಗಳನ್ನಷ್ಟೇ ಓದುತ್ತ ಪೆನ್ಸಿಲಿನಿಂದ ಗುರುತು ಹಾಕಿದರು. ಗೊನೋರಿಯಾ ಎಂಬ ಪದ ಬಂದದ್ದು 51 ಸಾಲುಗಳಲ್ಲಿ. ಕ್ಲಮೈಡಿಯಾ 19ರಲ್ಲಿ. ಎಚ್‌ಪಿವಿ ಬಂದದ್ದು ಮೂರೇ ಸಾಲುಗಳಲ್ಲಿ, ಮೂರರಲ್ಲೂ ಉಪನ್ಯಾಸಕಿಯ ಹೆಸರು ನಡುವಿನಲ್ಲಿತ್ತು. ಲಸಿಕೆಯ ಬಗ್ಗೆ ಒಂದೂ ಇರಲಿಲ್ಲ.

ಉಪನ್ಯಾಸದ ದಿನ ಆ ತಾಯಿ ಎದ್ದು ನಿಂತು, ಮಾತಿನಲ್ಲಿ ಎಲ್ಲಿಯೂ ಅಗೌರವವಿಲ್ಲದಂತೆ, ಇದನ್ನೇ ಕೇಳಿದರು: ‘ಮೇಡಂ, ನಿಮ್ಮ ಕೆಲಸ ಹೆಚ್ಚಾಗಿ ಗೊನೋರಿಯಾದ ಮೇಲಿದೆ. ಲಸಿಕೆಯ ವಿಷಯದಲ್ಲಿ ನೀವು ಹೇಳುತ್ತಿರುವುದು ಯಾರ ಪ್ರಬಂಧಗಳ ಆಧಾರದ ಮೇಲೆ?’ ಸಭೆಯಲ್ಲಿ ಒಂದು ಕ್ಷಣ ಮೌನವಾಯಿತು. ಉಪನ್ಯಾಸಕಿ ನಕ್ಕು, ತಮ್ಮ ಚೀಲದಿಂದ ಒಂದು ಕಡತ ತೆಗೆದರು. ಲಸಿಕೆ ತಮ್ಮ ಸ್ವಂತ ಸಂಶೋಧನೆಯ ಕ್ಷೇತ್ರವಲ್ಲ, ಇತರರ ಕೆಲಸವನ್ನು ಓದಿ ತೂಗಿ ಹೇಳುತ್ತಿದ್ದೇನೆ ಎಂದು ಮೊದಲು ಒಪ್ಪಿಕೊಂಡರು. ಆಮೇಲೆ ಪುಣೆಯ ಸೀರಂ ಸಂಸ್ಥೆ ತಯಾರಿಸಿ 2023ರ ಜನವರಿಯಲ್ಲಿ ಬಿಡುಗಡೆಯಾದ ಸರ್ವಾವ್ಯಾಕ್ ಲಸಿಕೆ 6, 11, 16, 18 ಎಂಬ ನಾಲ್ಕು ಬಗೆಯ ಎಚ್‌ಪಿವಿಗಳ ವಿರುದ್ಧ ಕೆಲಸ ಮಾಡುತ್ತದೆ, ಅವುಗಳಲ್ಲಿ 16 ಮತ್ತು 18 ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣ ಎಂದು ವಿವರಿಸಿ, ತಾವು ಆಧರಿಸಿದ ಪ್ರಬಂಧಗಳ ಹೆಸರುಗಳನ್ನು ಒಂದೊಂದಾಗಿ ಓದಿದರು. ಆ ತಾಯಿ ಅವನ್ನು ತಮ್ಮ ಮುದ್ರಿತ ಪಟ್ಟಿಯ ಹಿಂಬದಿಯ ಖಾಲಿ ಪುಟದಲ್ಲಿ ಬರೆದುಕೊಂಡರು.